ಬೆನ್ನ ಹಿಂದಿನ ಪೆಟ್ಟಿಗೆ

ಹೋದ ಬೇಸಗೆಯ ರಜದಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿರುವ ನಮ್ಮ ದೊಡ್ಡಪ್ಪನ ಮಗನ ಮನೆಗೆ ಹೋಗಿದ್ದೆ. ಅಣ್ಣ ಆ ದೇಶಕ್ಕೆ ಹೋಗಿ ಮೂವತ್ತೈದು ವರ್ಷಗಳಾದುವು. ಈಗ ಕೆಲಸದಿಂದ ನಿವೃತ್ತನಾಗಿ ಕೊಲಂಬಸ್ ಪಟ್ಟಣದ ಹೊರವಲಯದಲ್ಲಿ ಅತ್ತಿಗೆಯೊಡನೆ ವಾಸವಾಗಿದ್ದಾನೆ. ನಾನು ಹೋದ ಮೂರನೆಯ ದಿನ, ಬೆಳಗಿನ ಕಾಫಿ ಮುಗಿಯುವ ಮೊದಲೇ, "ಏಳೋ, ಇನ್ನೊಂದು ಕೈ ಬೇಕು. ಡಿಕ್ಕಿ ಕಳಚಬೇಕು" ಎಂದ. ಕಾರಿನ ಡಿಕ್ಕಿಯನ್ನು ಕಳಚುವ ವಿದ್ಯೆಯನ್ನು ಈತ ಎಂದು ಕಲಿತನೋ ಎಂದು ಆಶ್ಚರ್ಯಪಡುತ್ತ ಅವನ ಹಿಂದೆ ಗ್ಯಾರೇಜಿಗೆ ಹೋದೆ. ಅವನು ಹೇಳಿದ್ದು ಕಾರಿನದಲ್ಲ, ಮೋಟಾರ್ ಸೈಕಲ್ಲಿನದು.

ಅದನ್ನು ಮೋಟಾರ್ ಸೈಕಲ್ಲು ಎನ್ನಲು ನನಗೆ ಸ್ವಲ್ಪ ಸಂಕೋಚವೇ ಆಯಿತು. ಎರಡೇ ಚಕ್ರಗಳೆಂಬುದು ನಿಜ. ಆದರೆ ಗಾತ್ರದಲ್ಲಿ ಅದು ನಮ್ಮೂರಿನ ಬಸವನನ್ನು ನೆನಪಿಗೆ ತರುವಂತಿತ್ತು. ಹೋಂಡಾ ಕಂಪನಿಯ ‘ಗೋಲ್ಡ್ ವಿಂಗ್’ ಎಂಬ ಜಾತಿ, 2008ರ ತಯಾರಿಕೆ, ನಾಲ್ಕು ಕ್ವಿಂಟಲಿನ ಆಸುಪಾಸು ತೂಕ. ಮುಂದೆ ಗಾಳಿಯನ್ನು ತಡೆಯುವ ದೊಡ್ಡ ಎದೆಗವಚ, ಹಿಂಚಕ್ರದ ಎರಡು ಪಕ್ಕಗಳಿಗೂ ಒಂದೊಂದು ಪೆಟ್ಟಿಗೆ, ಅವೆರಡರ ನೆತ್ತಿಯ ಮೇಲೆ ಎಲ್ಲಕ್ಕಿಂತ ದೊಡ್ಡದಾದ ಮೂರನೆಯ ಪೆಟ್ಟಿಗೆ. ಈ ಮೂರನೆಯದರ ಮುಂಗೋಡೆಗೆ ಮೆತ್ತೆ ಹೊದಿಸಿ, ಎರಡು ಬದಿಗಳಲ್ಲಿ ತೋಳಿಗೆ ಆಸರೆ ಕೊಟ್ಟಿದ್ದರು. ಹಿಂದೆ ಕುಳಿತವರಿಗೆ ಅದು ಸೋಫಾದ ಬೆನ್ನಿನಂತೆ ಒದಗುತ್ತದೆ. ಅಣ್ಣ ಕಳಚಬೇಕೆಂದದ್ದು ಇದನ್ನೇ.

"ಯಾಕೆ?" ಎಂದೆ.

"ಅರವತ್ತಾರಾಯ್ತು ಕಣೋ. ಹೋದ ತಿಂಗಳು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುವಾಗ ಒಂದು ಕಾಲು ಜಾರಿತು. ಬೀಳಿಸಿಯೇಬಿಡುತ್ತಿದ್ದೆ. ಇಲ್ಲ, ಭಾರ ಕಡಮೆ ಮಾಡಬೇಕು; ಇಲ್ಲ, ಮಾರಬೇಕು. ಹೇಗಿದ್ದರೂ ನಿನ್ನ ಅತ್ತಿಗೆ ಇನ್ನು ಹತ್ತುವುದಿಲ್ಲವಂತೆ."

ಅತ್ತಿಗೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿತ್ತು. ಆಕೆ ಅಡಿಗೆಮನೆಯ ಬಾಗಿಲಲ್ಲಿ ಕೈಯೊರೆಸಿಕೊಳ್ಳುತ್ತ ನಿಂತಿದ್ದರು. "ತೆಗೆಯೋದಾದರೆ ತೆಗೀಲಿ ಬಿಡಪ್ಪ, ನನ್ನದೇನೂ ಅಡ್ಡಿಯಿಲ್ಲ" ಎಂದರು. ಅಡ್ಡಿಯಿಲ್ಲವೆಂದು ಹೇಳಿದ ಧ್ವನಿ ಅಡ್ಡಿಯಿಲ್ಲದ ಧ್ವನಿಯಾಗಿರಲಿಲ್ಲ. ಅಣ್ಣ ಸ್ಪ್ಯಾನರನ್ನು ಕೆಳಗಿಟ್ಟು, "ನಾಳೆ ನೋಡೋಣ" ಎಂದ.

ಹೀಗೆ ದೊರೆತ ಬಿಡುವಿನಲ್ಲಿ ನಾನು ಅವನ ಗ್ಯಾರೇಜಿನ ಕಪಾಟಿನಲ್ಲಿದ್ದ ಹಳೆಯ ಮೋಟಾರ್ ಸೈಕಲ್ ಪತ್ರಿಕೆಗಳನ್ನೂ ಕೈಪಿಡಿಗಳನ್ನೂ ತೆಗೆದುಕೊಂಡು ಕುಳಿತೆ. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ತರಗತಿಯಲ್ಲಿ ನಾನು ಹೇಳುವುದು ಹಳಗನ್ನಡ ಮತ್ತು ಛಂದಸ್ಸು. ಆದರೆ ಒಂದು ಪೆಟ್ಟಿಗೆಗೂ ಚರಿತ್ರೆಯುಂಟು, ಆ ಚರಿತ್ರೆಯಲ್ಲಿ ಮನುಷ್ಯರಿದ್ದಾರೆ ಎಂದು ನನಗೆ ತೋರಿದ್ದನ್ನು ವಾಚಕರ ಮುಂದಿಡಲು ಈ ಬರಹ.

ಮೊದಲು ಮಾತಿನಿಂದಲೇ ಹೊರಡುತ್ತೇನೆ. ಅದು ನನ್ನ ವೃತ್ತಿದೋಷ. ‘ಡಿಕ್ಕಿ’ ಎಂದರೆ ನಮಗೆ ಎರಡರ್ಥ. ಒಂದು, ಹಾಯುವುದು, ಟಗರು ಟಗರಿಗೆ ಕೊಡುವುದು, ಲಾರಿ ಕಾರಿಗೆ ಹೊಡೆಯುವುದು. ಇನ್ನೊಂದು, ವಾಹನದ ಹಿಂಬದಿಯ ಸಾಮಾನಿನ ಪೆಟ್ಟಿಗೆ. ಈ ಎರಡನೆಯದು ಇಂಗ್ಲಿಷಿನಿಂದ ಬಂದದ್ದು. ಆದರೆ ಇಂಗ್ಲಿಷಿನಲ್ಲಿ ಡಿಕ್ಕಿ ಮೊದಲಿಗೆ ಪೆಟ್ಟಿಗೆಯಾಗಿರಲಿಲ್ಲ, ಆಸನವಾಗಿತ್ತು. ಕುದುರೆ ಸಾರೋಟಿನಲ್ಲಿ ಸಾರಥಿಯ ಪೀಠಕ್ಕೂ, ಹಿಂಬದಿಯಲ್ಲಿ ಆಳುಗಳು ಕೂರುವ ಪೀಠಕ್ಕೂ ಆ ಹೆಸರಿತ್ತು. ಮೋಟಾರು ಕಾರುಗಳು ಬಂದ ಮೇಲೆ ಹಿಂಭಾಗದಲ್ಲಿ ಮುಚ್ಚಳವನ್ನು ಎತ್ತಿದರೆ ತೆರೆದುಕೊಳ್ಳುವ ಹೆಚ್ಚಿನ ಆಸನವನ್ನು ಹಾಗೆ ಕರೆದರು. ಆ ಆಸನ ಕಾಲಕ್ರಮದಲ್ಲಿ ಮರೆಯಾಗಿ, ಮುಚ್ಚಳದ ಕೆಳಗೆ ಮನುಷ್ಯರ ಬದಲು ಸಾಮಾನು ಬಂದು ಕುಳಿತಿತು. ನಮ್ಮ ದೇಶದಲ್ಲಿ ಹೆಸರು ಮಾತ್ರ ಉಳಿಯಿತು.

ಅಮೆರಿಕದವರು ಇದನ್ನೇ ‘ಟ್ರಂಕು’ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಓದಿದ ನನ್ನ ತಲೆಮಾರಿನವರಿಗೆ ಟ್ರಂಕೆಂದರೆ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ. ಅಮ್ಮ ಕೊಟ್ಟ ಚಕ್ಕುಲಿಯನ್ನು ಬೀಗ ಹಾಕಿಡುತ್ತಿದ್ದ ಸ್ಥಳ. ಈ ಮಾತಿನ ಮೂಲಾರ್ಥ ಮರದ ಕಾಂಡ. ಹಿಂದೆ ಕಾಂಡವನ್ನು ಕೊರೆದು ಪೆಟ್ಟಿಗೆ ಮಾಡುತ್ತಿದ್ದುದರಿಂದ ಪೆಟ್ಟಿಗೆಗೂ ಅದೇ ಹೆಸರಾಯಿತು. ಇನ್ನು ಹಿಂದೆ ಕೂರುವವರ ‘ಪಿಲಿಯನ್’. ಅದು ಕುದುರೆ ಸವಾರನ ಜೀನಿನ ಹಿಂದೆ, ಹೆಚ್ಚಾಗಿ ಹೆಂಗಸರು ಕೂರಲೆಂದು ಹಾಸುತ್ತಿದ್ದ ಮೆತ್ತೆಯ ಹೆಸರು. ಡಿಕ್ಕಿ, ಟ್ರಂಕು, ಪಿಲಿಯನ್ ಈ ಮೂರೂ ಅಣ್ಣನ ಬೈಕಿನ ಆ ಒಂದೇ ವಸ್ತುವಿನಲ್ಲಿ ಕೂಡಿಕೊಂಡಿವೆ. ಹೊರಗಿನಿಂದ ಪೆಟ್ಟಿಗೆ, ಒಳಗಿನಿಂದ ಪೀಠ. ಅದರ ಇತಿಹಾಸದ ಗಂಟೆಲ್ಲ ಇರುವುದು ಇಲ್ಲಿಯೇ.

ಸವಾರಿಯ ಮೇಲೆ ಹೊರೆ ಹೇರುವ ಹಳೆಯ ಪದ್ಧತಿಯಲ್ಲಿ ಭಾರವೆಲ್ಲ ಪಕ್ಕಗಳಿಗೇ. ಹಳಗನ್ನಡದ ‘ಪೇಱು’ ಮುಂದೆ ‘ಹೇರು’ ಆಯಿತು; ಆ ಮಾತಿನೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆನ್ನಿನ ಎರಡೂ ಕಡೆಗೆ ಗೋಣಿ ಇಳಿಬಿಟ್ಟ ಎತ್ತು. ಬಂಜಾರರು ಇಂಥ ಸಾವಿರಾರು ಎತ್ತುಗಳ ಸಾಲು ಕಟ್ಟಿಕೊಂಡು ದಖ್ಖನಿನ ಉದ್ದಗಲಕ್ಕೂ ದವಸ ಸಾಗಿಸಿದರು. ಎಡದ ಗೋಣಿ ಬಲದ ಗೋಣಿಯನ್ನು ತೂಗಬೇಕು, ಭಾರ ಕೆಳಗಿರಬೇಕು ಎಂಬುದು ಎತ್ತಿನವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಯೂರೋಪಿನ ಕುದುರೆ, ಹೇಸರಗತ್ತೆಗಳ ಪಕ್ಕದ ಬುಟ್ಟಿಗಳಿಗೂ ಇದೇ ನ್ಯಾಯ. ‘ಪ್ಯಾನಿಯರ್’ ಎಂದು ಇಂದು ಬೈಕಿನ ಪಕ್ಕದ ಪೆಟ್ಟಿಗೆಗೆ ಹೇಳುವ ಮಾತು ಮೂಲದಲ್ಲಿ ರೊಟ್ಟಿಯ ಬುಟ್ಟಿ. ಮೋಟಾರ್ ಸೈಕಲ್ಲು ಬಂದಾಗ ಮೊದಲು ಅದಕ್ಕೂ ಪಕ್ಕಗಳಲ್ಲಿಯೇ ಚರ್ಮದ ಚೀಲಗಳನ್ನು ತೂಗಿಬಿಟ್ಟರು.

ಭಾರ ಪಕ್ಕದಿಂದ ಎದ್ದು ಹಿಂದುಗಡೆಯ ನೆತ್ತಿಗೆ ಏರಿದ್ದು ದೂರಪ್ರಯಾಣದ ದಾರಿಗಳು ತೆರೆದ ಮೇಲೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯಿದೆಯಿಂದ ಅಮೆರಿಕದಲ್ಲಿ ಸುಮಾರು 66 ಸಾವಿರ ಕಿಲೋಮೀಟರ್ ಹೆದ್ದಾರಿಯ ಜಾಲಕ್ಕೆ ಅಡಿಪಾಯ ಬಿತ್ತು. ‘ಇಂಟರ್‌ಸ್ಟೇಟ್’ ಎಂದು ಅದರ ಹೆಸರು. ಒಂದೇ ದಿನ ಐನೂರು ಆರುನೂರು ಮೈಲಿ ಹೋಗಬಹುದೆಂದಾದಾಗ, ಹೋದವನು ಅಲ್ಲಿ ರಾತ್ರಿ ತಂಗಬೇಕು, ತಂಗುವವನಿಗೆ ಬಟ್ಟೆಬರೆ ಬೇಕು, ಜೊತೆಗೆ ಹೆಂಡತಿಯೂ ಬಂದರೆ ಅವಳ ಬಟ್ಟೆಬರೆಯೂ ಬೇಕು.

1975ನೆಯ ಮಾದರಿಯಾಗಿ ಗೋಲ್ಡ್ ವಿಂಗ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಯಾವ ಪೆಟ್ಟಿಗೆಯೂ ಇರಲಿಲ್ಲ. 999 ಘನ ಸೆಂಟಿಮೀಟರಿನ, ನೀರಿನಿಂದ ತಂಪಾಗುವ, ನಾಲ್ಕು ಸಿಲಿಂಡರುಗಳು ಮಲಗಿದಂತಿರುವ ಎಂಜಿನು. ಹಿಂಚಕ್ರಕ್ಕೆ ಸರಪಳಿಯ ಬದಲು ದಂಡ. ಪೆಟ್ರೋಲ್ ಟ್ಯಾಂಕು ಇರಬೇಕಾದ ಸ್ಥಳದಲ್ಲಿದ್ದುದು ಹುಸಿ ಟ್ಯಾಂಕು. ನಿಜವಾದದ್ದು ಆಸನದ ಕೆಳಗಿತ್ತು. ಹೋಂಡಾದ ಎಂಜಿನಿಯರುಗಳ ಕಣ್ಣೆದುರು ಇದ್ದುದು ವೇಗವೂ ನಯವೂ ಕೂಡಿದ ಒಂದು ಯಂತ್ರ. ಆದರೆ ಕೊಂಡವರು ಅದನ್ನು ಕಂಡದ್ದು ಬೇರೆ ಕಣ್ಣಿನಿಂದ. ದಣಿವಿಲ್ಲದೆ ದಿನವಿಡೀ ಓಡುವ ಎತ್ತು ಸಿಕ್ಕಿತೆಂದು ಅವರು ಅದಕ್ಕೆ ಹೇರತೊಡಗಿದರು.

ಇಲ್ಲಿ ಒಬ್ಬ ಮನುಷ್ಯನ ಹೆಸರು ಹೇಳಲೇಬೇಕು. ಇಲಿನಾಯ್ ರಾಜ್ಯದ ರಾಂಟೂಲ್ ಎಂಬ ಊರಿನಲ್ಲಿ ಕ್ರೇಗ್ ವೆಟ್ಟರ್ ಎಂಬ ವಿನ್ಯಾಸಕಾರ ಮೋಟಾರ್ ಸೈಕಲ್ಲಿಗೆ ಗಾಳಿತಡೆ ಮಾಡಿ ಮಾರುತ್ತಿದ್ದ. 1971ರಲ್ಲಿ ಆತ ಹೊರತಂದ ‘ವಿಂಡ್‌ಜಾಮರ್’ ಎಂಬ ಗಾಳಿತಡೆಯನ್ನು ಬೇರೆ ಬೇರೆ ಕಂಪನಿಗಳ ಬೈಕುಗಳಿಗೆ ಕೂರಿಸಬಹುದಾಗಿತ್ತು. ಅದರ ಹಿಂದೆಯೇ ಪಕ್ಕದ ಪೆಟ್ಟಿಗೆಗಳೂ ಬಂದುವು, ಬಾಲದ ಪೆಟ್ಟಿಗೆಯೂ ಬಂದಿತು. ಗೋಲ್ಡ್ ವಿಂಗ್ ಕೊಂಡ ಅನೇಕರು ಅಂಗಡಿಯಿಂದ ಮನೆಗೆ ತಂದ ಕೂಡಲೆ ಇಂಥ ಸರಂಜಾಮಿನಿಂದ ಅದನ್ನು ಸಿಂಗರಿಸಿದರು. ಆ ಕಾಲದ ಪೆಟ್ಟಿಗೆ ಮಾಲೀಕನ ಇಚ್ಛೆಯದು. ಅವನೇ ಕೊಂಡ, ಅವನೇ ಬೋಲ್ಟು ಬಿಗಿದ. ಬೇಡವಾದ ದಿನ ಅವನೇ ಬಿಚ್ಚಿ ಮೂಲೆಗಿಟ್ಟ.

ತಾನು ಮಾಡದ ಪೆಟ್ಟಿಗೆಯಿಂದ ಬೇರೆಯವರು ದುಡ್ಡು ಮಾಡುವುದನ್ನು ಯಾವ ಕಂಪನಿ ಎಷ್ಟು ದಿನ ನೋಡಿಕೊಂಡಿದ್ದೀತು? 1980ರಲ್ಲಿ ಹೋಂಡಾ ಗಾಳಿತಡೆ, ಪಕ್ಕದ ಪೆಟ್ಟಿಗೆಗಳು, ಹಿಂದಿನ ಟ್ರಂಕು ಎಲ್ಲವನ್ನೂ ತಾನೇ ಜೋಡಿಸಿ 1085 ಘನ ಸೆಂಟಿಮೀಟರಿನ ಗೋಲ್ಡ್ ವಿಂಗನ್ನು ಮಾರಿತು. ಆ ಮಾದರಿಯ ಹೆಸರೇ ‘ಇಂಟರ್‌ಸ್ಟೇಟ್’. ಹೆದ್ದಾರಿಯೇ ಬೈಕಿನ ಹೆಸರಾಯಿತು. ಅದೇ ವರ್ಷ ಓಹಾಯೋದ ಮೇರೀಸ್‌ವಿಲ್ ಕಾರ್ಖಾನೆಯಲ್ಲಿ ಗೋಲ್ಡ್ ವಿಂಗ್ ತಯಾರಾಗತೊಡಗಿತು. ಮೇರೀಸ್‌ವಿಲ್ ಅಣ್ಣನ ಮನೆಯಿಂದ ಒಂದು ಗಂಟೆಯೊಳಗಿನ ದಾರಿ. 2009ರಲ್ಲಿ ಆ ಕೆಲಸ ಅಲ್ಲಿ ನಿಂತು, ಮುಂದೆ ಜಪಾನಿನ ಕುಮಾಮೊಟೊ ಕಾರ್ಖಾನೆಗೆ ಹೋಯಿತು. ಅಣ್ಣನದು ಹುಟ್ಟಿದ ಊರಿನ ಆಸುಪಾಸಿನಲ್ಲಿಯೇ ಮುದಿಯಾಗುತ್ತಿರುವ ಬೈಕು. ಅಷ್ಟರಮಟ್ಟಿಗೆ ತನ್ನ ಯಜಮಾನನಿಗಿಂತ ಅದೃಷ್ಟಶಾಲಿ.

1982ರಲ್ಲಿ ‘ಆಸ್ಪೆನ್‌ಕೇಡ್’ ಬಂದಿತು. ನ್ಯೂ ಮೆಕ್ಸಿಕೋ ರಾಜ್ಯದ ರುಯಿಡೋಸೋ ಎಂಬಲ್ಲಿ ನಡೆಯುತ್ತಿದ್ದ ಮೋಟಾರ್ ಸೈಕಲ್ ಜಾತ್ರೆಯ ಹೆಸರನ್ನು ಅದಕ್ಕೆ ಇಟ್ಟಿದ್ದರು. 1984ರಲ್ಲಿ ಎಂಜಿನು 1182ಕ್ಕೆ ಬೆಳೆಯಿತು. ಇಲ್ಲಿಯವರೆಗೆ ಪೆಟ್ಟಿಗೆ ಬೈಕಿನ ಮೇಲೆ ಕುಳಿತಿತ್ತು. 1988ರ ಮಾದರಿಯಲ್ಲಿ ಬೈಕಿನ ಮೈಯೇ ಆಯಿತು. ಆರು ಸಿಲಿಂಡರಿನ, 1520 ಘನ ಸೆಂಟಿಮೀಟರಿನ ಆ ಬೈಕಿಗೆ ಹಿಂದಕ್ಕೆ ಚಲಿಸುವ ಸಾಧನವನ್ನೂ ಕೊಟ್ಟರು. ಅಷ್ಟು ಭಾರವನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಟ್ರಂಕು, ಹಿಂದಿನವರ ಬೆನ್ನಾಸರೆ ಇವೆರಡನ್ನೂ ಒಂದಾಗಿ ಎರಕಗೊಳಿಸಿದಂತೆ ಮಾಡಿ, ಮೂರು ಪೆಟ್ಟಿಗೆಗಳಿಗೂ ಸೇರಿ ಒಂದೇ ಕಡೆಯಿಂದ ಬೀಗ ಬೀಳುವ ಏರ್ಪಾಟು ಮಾಡಿದರು. ಆಭರಣ ಅಂಗವಾಯಿತು. ಆಭರಣವನ್ನು ತೆಗೆದಿಡಬಹುದು, ಅಂಗವನ್ನು ತೆಗೆಯಬೇಕಾದರೆ ಶಸ್ತ್ರಚಿಕಿತ್ಸೆಯೇ ಆಗಬೇಕು.

ಇದರ ಪರಿಣಾಮ ಬೈಕಿನ ಮೇಲೆ ಮಾತ್ರವಲ್ಲ, ಸವಾರಿಯ ಸಮಾಜದ ಮೇಲೂ ಆಯಿತು. ಗೋಲ್ಡ್ ವಿಂಗ್ ಸವಾರರ ಒಂದು ದೊಡ್ಡ ಸಂಘ 1977ರಲ್ಲಿ ಅಮೆರಿಕದಲ್ಲಿ ಹುಟ್ಟಿ 2022ರವರೆಗೆ ನಡೆಯಿತು. ಮೋಟಾರ್ ಸೈಕಲ್ ಸಂಘವೆಂದರೆ ಚರ್ಮದ ಅಂಗಿಯ ಪುಂಡರ ಕೂಟವೆಂದು ಸಿನಿಮಾ ನೋಡಿ ತಿಳಿದಿದ್ದ ನನಗೆ, ಈ ಸಂಘದಲ್ಲಿ ‘ವರ್ಷದ ದಂಪತಿ’ ಎಂದು ಗಂಡಹೆಂಡಿರನ್ನು ಆರಿಸಿ ಗೌರವಿಸುವ ಪದ್ಧತಿಯಿತ್ತೆಂದು ಓದಿ ಸಂತೋಷವಾಯಿತು. ಪೆಟ್ಟಿಗೆಯ ಮುಂಗೋಡೆಗೆ ಹೊದಿಸಿದ ಎರಡು ಗೇಣು ಮೆತ್ತೆ ಇಲ್ಲದಿದ್ದರೆ ಇದು ನಡೆಯುತ್ತಿತ್ತೇ? ಬೆನ್ನಿಗೆ ಆಸರೆಯಿಲ್ಲದೆ ಯಾವ ಹೆಂಡತಿ ದಿನಕ್ಕೆ ಐನೂರು ಮೈಲಿ ಕುಳಿತಾಳು?

ಹಾಗಾದರೆ ಇಷ್ಟು ಉಪಕಾರಿಯಾದ ಪೆಟ್ಟಿಗೆಯನ್ನು ಜನ ತೆಗೆಯುವುದೇಕೆ? ಇದಕ್ಕೆ ಉತ್ತರ ಎತ್ತಿನವನಿಗೆ ಗೊತ್ತಿತ್ತು. ಪಕ್ಕದ ಹೊರೆ ಕೆಳಗಿರುತ್ತದೆ. ನೆತ್ತಿಯ ಹೊರೆ ಮೇಲಿರುತ್ತದೆ. ಅಲ್ಲದೆ ಟ್ರಂಕಿನ ಹೆಚ್ಚು ಭಾಗ ಹಿಂಚಕ್ರದ ಅಚ್ಚಿಗಿಂತ ಹಿಂದಕ್ಕೆ ಚಾಚಿಕೊಂಡಿರುತ್ತದೆ. ತಕ್ಕಡಿಯ ದಂಡದಂತೆ, ಹಿಂದೆ ತೂಕ ಬಿದ್ದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ವೇಗ ಏರಿದಾಗ ಬೈಕು ಎಡಬಲಕ್ಕೆ ತೂಗಾಡಲು ಅದೊಂದು ಕಾರಣವಾಗಬಹುದು. ಕಡುಗಾಳಿ ಪಕ್ಕದಿಂದ ಬೀಸಿದರೆ ಪೆಟ್ಟಿಗೆ ಹಾಯಿಯಾಗುತ್ತದೆ. ಅಣ್ಣನ ಬೈಕಿನ ಕೈಪಿಡಿ ಟ್ರಂಕಿನಲ್ಲಿ 9 ಕಿಲೋಗಿಂತ ಹೆಚ್ಚು ತುಂಬಬೇಡಿ ಎನ್ನುತ್ತದೆ. ಅಷ್ಟು ದೊಡ್ಡ ಪೆಟ್ಟಿಗೆ, ಒಂದು ಮಗುವಿನ ತೂಕದಷ್ಟು ಸಾಮಾನು! ನಿಂತಾಗಲೂ ಅಷ್ಟೆ. ಮೇಲಿನ ಭಾರ ಒಮ್ಮೆ ವಾಲಿದರೆ ಕಾಲು ಅದನ್ನು ತಡೆಯಬೇಕು. ಮೂವತ್ತರ ಕಾಲು ತಡೆದುದನ್ನು ಅರವತ್ತಾರರ ಕಾಲು ತಡೆಯಲಾರದು.

ಯೂರೋಪಿನವರು ಈ ತೊಡಕಿಗೆ ಬೇರೆ ದಾರಿ ಕಂಡುಕೊಂಡರು. ಇಟಲಿಯ ಬ್ರೆಶಿಯಾ ಕಡೆಯ ಜೂಸೆಪ್ಪೆ ವಿಜೆನ್ಸಿ ಎಂಬುವನು ಪಂದ್ಯದ ಸವಾರ. 1969ರ ವಿಶ್ವ ಚಾಂಪಿಯನ್‌ಷಿಪ್ಪಿನ 350 ಸಿಸಿ ವರ್ಗದಲ್ಲಿ ಮೂರನೆಯವನಾಗಿ ಬಂದವನು. ಆತ 1978ರಲ್ಲಿ ‘ಜಿವಿ’ ಎಂಬ ಕಂಪನಿಯನ್ನು ಸ್ಥಾಪಿಸಿ ಬೈಕಿನ ಪೆಟ್ಟಿಗೆಗಳಿಗೆ ಹೆಸರಾದ. ಪೆಟ್ಟಿಗೆಯನ್ನು ತೆರೆಯುವುದಕ್ಕೂ, ಬೈಕಿನಿಂದ ಬಿಡಿಸಿ ಕೈಯಲ್ಲಿ ಹಿಡಿದು ನಡೆಯುವುದಕ್ಕೂ ಒಂದೇ ಕೀಲಿ ಎಂಬುದು ಅವರ ಪ್ರಸಿದ್ಧ ಏರ್ಪಾಟು. ಭಾರ ಬೇಕಾದ ದಿನ ಹೊರು, ಬೇಡದ ದಿನ ಮನೆಯಲ್ಲಿಡು. ಜಗತ್ತಿನ ವೇಗವಾದ ಸವಾರರಲ್ಲಿ ಒಬ್ಬನಾಗಿದ್ದವನು ಹೊರೆಯ ವ್ಯಾಪಾರಕ್ಕೆ ಇಳಿದು, ಅದನ್ನು ಇಳಿಸುವ ಉಪಾಯವನ್ನೂ ಜೊತೆಗೇ ಮಾರಿದ್ದು ಸೊಗಸಾಗಿದೆ.

ಅಮೆರಿಕದಲ್ಲಿ ಮಾತ್ರ ಹಾಕುವುದು ತೆಗೆಯುವುದು ಒಂದು ಉಯ್ಯಾಲೆಯಾಯಿತು. 1997ರ ಮಾದರಿಯಾಗಿ ಹೋಂಡಾ ಗೋಲ್ಡ್ ವಿಂಗಿನ ಎಂಜಿನನ್ನು ಇಟ್ಟುಕೊಂಡು ಗಾಳಿತಡೆ, ಪೆಟ್ಟಿಗೆ ಎಲ್ಲವನ್ನೂ ಕಿತ್ತು ‘ವ್ಯಾಲ್ಕರಿ’ ಎಂಬ ಬರಿಮೈಯ ಬೈಕನ್ನು ಮಾಡಿತು. ಎರಡು ವರ್ಷ ಕಳೆಯುವುದರೊಳಗೆ, 1999ರಲ್ಲಿ, ಅದೇ ಬೈಕಿಗೆ ಗಾಳಿತಡೆಯನ್ನೂ ಪಕ್ಕದ ಪೆಟ್ಟಿಗೆಗಳನ್ನೂ ಟ್ರಂಕನ್ನೂ ಮತ್ತೆ ಹೊರಿಸಿ ‘ವ್ಯಾಲ್ಕರಿ ಇಂಟರ್‌ಸ್ಟೇಟ್’ ಎಂದು ಕರೆಯಿತು. 2001ರಲ್ಲಿ 1832 ಘನ ಸೆಂಟಿಮೀಟರಿನ ಹೊಸ ಗೋಲ್ಡ್ ವಿಂಗ್ ಬಂದಾಗ ಮೂರು ಪೆಟ್ಟಿಗೆಗಳೂ ಸೇರಿ 147 ಲೀಟರು ಸಾಮಾನು ಹಿಡಿಯುತ್ತಿದ್ದುವು. ಅಣ್ಣನದು ಈ ವಂಶದ್ದು.

ಆ ಹೊತ್ತಿಗೆ ಗಾಳಿ ತಿರುಗಿತ್ತು. ಹಾರ್ಲೆ ಡೇವಿಡ್‌ಸನ್ ಕಂಪನಿ 2006ರಲ್ಲಿ ‘ಸ್ಟ್ರೀಟ್ ಗ್ಲೈಡ್’ ಎಂಬುದನ್ನು ಹೊರತಂದಿತು. ಅದು ಬೇರೇನೂ ಅಲ್ಲ. ತನ್ನ ಹಳೆಯ ‘ಎಲೆಕ್ಟ್ರಾ ಗ್ಲೈಡ್’ ಪ್ರಯಾಣದ ಬೈಕಿನ ಹಿಂಪೆಟ್ಟಿಗೆಯನ್ನು ತೆಗೆದು, ಮೈಯನ್ನು ತಗ್ಗಿಸಿದ ರೂಪ. ಮಾಲೀಕರು ತಮ್ಮ ತಮ್ಮ ಗ್ಯಾರೇಜುಗಳಲ್ಲಿ ಮಾಡಿಕೊಳ್ಳುತ್ತಿದ್ದುದನ್ನು ಕಂಪನಿಯೇ ಮಾಡಿಕೊಟ್ಟಂತಾಯಿತು. ಪಕ್ಕದ ಪೆಟ್ಟಿಗೆಗಳಿದ್ದು ಹಿಂಪೆಟ್ಟಿಗೆಯಿಲ್ಲದ ಇಂಥ ಬೈಕಿಗೆ ‘ಬ್ಯಾಗರ್’ ಎಂಬ ಜಾತಿನಾಮವೇ ಹುಟ್ಟಿತು. ಹೋಂಡಾ 2013ರ ಮಾದರಿಯಾಗಿ ‘ಎಫ್‌6ಬಿ’ ಎಂಬುದನ್ನು ತಂದಿತು. ಗೋಲ್ಡ್ ವಿಂಗಿನ ಟ್ರಂಕು, ಹಿಂದಕ್ಕೆ ಚಲಿಸುವ ಸಾಧನ ಮೊದಲಾದುವನ್ನು ತೆಗೆದು, ಎದುರಿನ ಗಾಜನ್ನು ಮೊಟಕುಗೊಳಿಸಿ ಸುಮಾರು 28 ಕಿಲೋ ಇಳಿಸಿದ ಬೈಕು ಅದು. ಜರ್ಮನಿಯ ಬಿಎಂಡಬ್ಲ್ಯು ಕೂಡ ತನ್ನ ಆರು ಸಿಲಿಂಡರಿನ ಪ್ರಯಾಣದ ಬೈಕಿಗೆ ಹಿಂಪೆಟ್ಟಿಗೆಯಿಲ್ಲದ, ಬಾಲ ತಗ್ಗಿದ ಒಂದು ರೂಪವನ್ನು 2017ರಲ್ಲಿ ಮಾರಿತು. 2020ರಲ್ಲಿ ಕ್ಯಾಲಿಫೋರ್ನಿಯದ ಲಗೂನಾ ಸೆಕಾದಲ್ಲಿ ಈ ಬ್ಯಾಗರುಗಳ ಪಂದ್ಯವೇ ನಡೆಯಿತು. ಹೇರಿನ ಎತ್ತುಗಳನ್ನು ಓಟಕ್ಕೆ ಬಿಟ್ಟಂತೆ!

ಕೊನೆಗೆ 2018ರಲ್ಲಿ ಹೋಂಡಾ ಗೋಲ್ಡ್ ವಿಂಗನ್ನು ಬುಡದಿಂದ ಹೊಸದಾಗಿ ಕಟ್ಟಿತು. ಹೆಸರಿಡುವುದರಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಬೇಕು. ಟ್ರಂಕು ಇಲ್ಲದ ಬೈಕಿಗೆ ‘ಗೋಲ್ಡ್ ವಿಂಗ್’ ಎಂಬ ಮೂಲದ ಹೆಸರು. ಟ್ರಂಕು ಇರುವುದಕ್ಕೆ ‘ಗೋಲ್ಡ್ ವಿಂಗ್ ಟೂರ್’. ಇಲ್ಲದಿರುವುದೇ ಸಹಜ, ಇರುವುದು ವಿಶೇಷಣ ಎಂದಾಯಿತು. ವ್ಯಾಕರಣ ಓದಿದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಟ್ರಂಕಿದ್ದ ಬೈಕಿನಲ್ಲಿಯೂ ಒಟ್ಟು ಸಾಮಾನಿನ ಸ್ಥಳ 147 ಲೀಟರಿನಿಂದ 110ಕ್ಕೆ ಇಳಿದಿತ್ತು. ಬೈಕು ಹಗುರಾಯಿತು, ಚುರುಕಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರೇ ವರ್ಷಗಳಲ್ಲಿ, 2021ರಲ್ಲಿ, ಕಂಪನಿ ಟ್ರಂಕನ್ನು 50 ಲೀಟರಿನಿಂದ 61 ಲೀಟರಿಗೆ ಹಿಗ್ಗಿಸಿತು. ತಲೆಯನ್ನೆಲ್ಲ ಮುಚ್ಚುವ ಎರಡು ಹೆಲ್ಮೆಟ್ಟುಗಳು ಸಲೀಸಾಗಿ ಹಿಡಿಯಬೇಕೆಂಬುದು ಒಂದು ಉದ್ದೇಶ. ಅದರೊಡನೆ ಇನ್ನೊಂದು ಕೆಲಸವನ್ನೂ ಮಾಡಿತು: ಹಿಂದೆ ಕುಳಿತವರ ಬೆನ್ನಾಸರೆಯನ್ನು ಇನ್ನಷ್ಟು ಹಿಂದಕ್ಕೆ ಒರಗಿಸಿ ಆರಾಮಗೊಳಿಸಿತು. ಎರಡು ಹೆಲ್ಮೆಟ್ಟು ಎಂದರೆ ಎರಡು ತಲೆ. ಕಂಪನಿಗೆ ಮತ್ತೆ ಎರಡನೆಯ ತಲೆಯ ನೆನಪಾಯಿತೆಂದೇ ನಾನು ಇದನ್ನು ಓದಿಕೊಂಡೆ.

ಈ ಇತಿಹಾಸವನ್ನು ಬರೆದವರೆಲ್ಲ ಲೀಟರು, ಕಿಲೋ, ಅಶ್ವಶಕ್ತಿಗಳನ್ನು ಎಣಿಸಿದ್ದಾರೆ. ಆ ಲೆಕ್ಕವೂ ಬೇಕು. ಆದರೆ ನನಗೆ ತೋರುವುದಿಷ್ಟು: ಪೆಟ್ಟಿಗೆ ಹಿಗ್ಗಿದಾಗಲೆಲ್ಲ ಬೈಕು ಇಬ್ಬರದಾಗಿದೆ, ಕುಗ್ಗಿದಾಗಲೆಲ್ಲ ಒಬ್ಬನದಾಗಿದೆ. 1975ರಲ್ಲಿ ಸವಾರನೊಬ್ಬನಿಗಾಗಿ ಯೋಚಿಸಿದ ಯಂತ್ರವನ್ನು ದಂಪತಿಗಳು ತಮ್ಮದಾಗಿಸಿಕೊಂಡರು. ಅವರು ಮುದುಕರಾಗುತ್ತಿದ್ದಂತೆ ಕಂಪನಿಗಳು ಮತ್ತೆ ಒಬ್ಬನನ್ನು, ಆದಷ್ಟೂ ಹರೆಯದವನನ್ನು ಹುಡುಕಿದುವು. ಸಾಮಾನು ಇಳಿಸಿದೆವೆಂದು ಹೇಳುವವರು ಅದರೊಡನೆ ಒಂದು ಪೀಠವನ್ನೂ ಇಳಿಸಿದರೆಂಬುದನ್ನು ಹೇಳುವುದಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿದ್ದುದು ಒಂದು ಸ್ಕೂಟರು. ಅದರ ಹಿಂಬದಿಯಲ್ಲಿ ಸ್ಟೆಪ್ನಿ ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಬಿಗಿದಿದ್ದರು. ಅಮ್ಮ ಪಕ್ಕಕ್ಕೆ ಕುಳಿತು, ಒಂದು ಕೈಯಲ್ಲಿ ತಂಗಿಯನ್ನು ಹಿಡಿದು, ಇನ್ನೊಂದು ತೋಳನ್ನು ಆ ಚಕ್ರದ ಮೇಲೆ ಊರುತ್ತಿದ್ದಳು. ಭಾರ ಹೆಚ್ಚೆಂದು ಮೆಕ್ಯಾನಿಕ್ಕನೊಬ್ಬ ಸ್ಟೆಪ್ನಿಯನ್ನು ತೆಗೆದಿಡಲು ಹೇಳಿದಾಗ ಅಪ್ಪ, "ಅದು ಟೈರಿಗಲ್ಲಯ್ಯ, ಇವಳಿಗೆ" ಎಂದದ್ದು ನನಗೆ ನೆನಪಿದೆ. ಆ ಮಾತು ಅರ್ಥವಾಗಲು ನನಗೆ ಓಹಾಯೋಗೆ ಹೋಗಬೇಕಾಯಿತು.

ಮರುದಿನ ಕೆಲಸ ಹಿಡಿದೆವು. ಅಣ್ಣ ಆಸನವನ್ನು ತೆಗೆದ, ತೋಳಾಸರೆಗಳನ್ನು ಬಿಚ್ಚಿದ. ಟ್ರಂಕಿನ ತಳದ ಹಾಸನ್ನು ಎತ್ತಿ ಬೋಲ್ಟುಗಳನ್ನು ಸಡಿಲಿಸಿದ. ಅದರೊಳಗಿಂದ ಹಾದುಹೋಗಿದ್ದ ತಂತಿಗಳು, ದೀಪದ್ದು, ಆಂಟೆನಾದ್ದು, ಹಿಂದಿನವರ ಕಿವಿಯ ಬಳಿಯ ಸ್ಪೀಕರಿನದು, ಒಂದೊಂದನ್ನೂ ಕೊಂಡಿಯಿಂದ ಬಿಡಿಸಿ, ಯಾವುದು ಎಲ್ಲಿಯದೆಂದು ಅಂಟುಪಟ್ಟಿಯ ಮೇಲೆ ಬರೆದು ಅಂಟಿಸಿದ. ಮೊದಲು ಒಳಗಿದ್ದುದನ್ನು ಖಾಲಿ ಮಾಡಬೇಕಾಗಿತ್ತು. ಎರಡು ಮಳೆಯಂಗಿ, ಮಡಿಸಿ ಮಡಿಸಿ ಹರಿದ ಒಂದು ನಕ್ಷೆ, ಅತ್ತಿಗೆಯ ಒಂದು ಉಣ್ಣೆಯ ಶಾಲು, ಚಟ್ನಿಪುಡಿಯ ಸಣ್ಣ ಡಬ್ಬಿ. ಡಬ್ಬಿಯ ತಳದಲ್ಲಿ ಇನ್ನೂ ಒಂದು ಚಮಚೆಯಷ್ಟು ಪುಡಿ ಉಳಿದಿತ್ತು. ಅತ್ತಿಗೆ ಅದನ್ನು ಮೂಸಿ ನೋಡಿ, "ಇದು ಟೆನೆಸಿಗೆ ಹೋದಾಗಿನದು" ಎಂದರು. ಅಣ್ಣ ಮಾತಾಡಲಿಲ್ಲ.

ನಾನೊಂದು ತುದಿ, ಅವನೊಂದು ತುದಿ ಹಿಡಿದು ಎತ್ತಿದೆವು. ಬಯಲಾದ ಜಾಗಕ್ಕೆ ಮೊದಲೇ ತರಿಸಿಟ್ಟಿದ್ದ ಮುಚ್ಚಳವನ್ನು ಅವನು ಕೂರಿಸಿದ. ಬೈಕು ಚೆಲುವಾಗಿಯೇ ಕಂಡಿತು, ಸುಳ್ಳು ಹೇಳಬಾರದು. ಕೋಡು ಕೊಯ್ದ ಎತ್ತು ಹರೆಯದ್ದಾಗಿ ಕಂಡಂತೆ.

"ಹತ್ತು, ಒಂದು ಸುತ್ತು ಹೋಗಿ ಬರೋಣ" ಎಂದ ಅಣ್ಣ. ಹಿಂದೆ ಕುಳಿತೆ. ಬೈಕು ಹೊರಟೊಡನೆ ನನ್ನ ಬೆನ್ನು ತಾನಾಗಿಯೇ ಹಿಂದಕ್ಕೆ ಏನನ್ನೋ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಕೈಗಳು ಅಣ್ಣನ ಸೊಂಟವನ್ನು ಬಿಗಿಯಾಗಿ ಹಿಡಿದುವು. ಬಡಾವಣೆಯ ನಾಲ್ಕು ಬೀದಿ ಸುತ್ತಿ ಬರುವಷ್ಟರಲ್ಲಿ ನನ್ನ ನಡು ನೋಯುತ್ತಿತ್ತು. ಅಣ್ಣ ಮಾತ್ರ ಹಿಗ್ಗಿದ್ದ. ನಿಲ್ಲಿಸುವಾಗ ಅವನ ಕಾಲು ನೆಲವನ್ನು ಗಟ್ಟಿಯಾಗಿ ಊರಿತು. ಬೈಕನ್ನು ಮಾರಬೇಕಾಗಿಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಇಬ್ಬರದಾಗಿದ್ದುದನ್ನು ಒಬ್ಬನದಾಗಿ ಮಾಡಿದರೂ ಉಳಿಸಿಕೊಂಡನಲ್ಲ, ಅದನ್ನೂ ತಪ್ಪೆನ್ನಲಾರೆ.

"ಪೆಟ್ಟಿಗೆಯನ್ನು ಯಾರಾದರೂ ಕೊಂಡುಕೊಳ್ಳುತ್ತಾರೆ. ಇದಕ್ಕೆ ಒಳ್ಳೆಯ ಬೆಲೆಯಿದೆ" ಎಂದ ಅವನು.

"ಅದೊಂದು ಬೇಡಿ ನೋಡಿ" ಎಂದರು ಅತ್ತಿಗೆ. ಎರಡು ದಿನಗಳಲ್ಲಿ ಆಕೆ ಈ ವಿಷಯದಲ್ಲಿ ಬೇಕುಬೇಡ ಹೇಳಿದ್ದು ಅದೊಂದೇ. ಒಳಗೆ ಹೋಗಿ ಹಳೆಯ ಹತ್ತಿಯ ದುಪ್ಪಟಿಯೊಂದನ್ನು ತಂದುಕೊಟ್ಟರು. ಅದರಲ್ಲಿ ಸುತ್ತಿ ಪೆಟ್ಟಿಗೆಯನ್ನು ಗ್ಯಾರೇಜಿನ ಅಟ್ಟದ ಮೇಲಿಟ್ಟೆವು. ಶಾಲನ್ನು ಮಾತ್ರ ಅವರು ಮಡಿಸಿ ಪೆಟ್ಟಿಗೆಯೊಳಕ್ಕೇ ಹಾಕಿದರು.

ನಾನು ಊರಿಗೆ ಮರಳಿ ಕಾಲೇಜು ಶುರುವಾಯಿತು. ಅಕ್ಟೋಬರಿನಲ್ಲಿ ಒಂದು ಭಾನುವಾರ ಅಣ್ಣ ಫೋನು ಮಾಡಿದ. ಅಲ್ಲಿ ಎಲೆ ಕೆಂಪಾಗುವ ಕಾಲವಂತೆ. ಮಳೆ, ಮಾವಿನ ಮರ, ಊರಿನ ಮನೆಯ ಹೆಂಚು ಎಲ್ಲವನ್ನೂ ವಿಚಾರಿಸಿ ಕೊನೆಗೆ, "ಪೆಟ್ಟಿಗೆ ಮತ್ತೆ ಹಾಕಿದೆ ಕಣೋ" ಎಂದ. "ಭಾರ?" ಎಂದೆ. "ನಿಧಾನವಾಗಿ ಹೋಗೋದು, ಸಮತಟ್ಟಾದ ಕಡೆ ನಿಲ್ಲಿಸೋದು. ಈ ಒಂದು ವಾರಕ್ಕೆ ಮಾತ್ರ. ಆಮೇಲೆ ತೆಗೀತೀನಿ."

"ಒಬ್ಬನೇ ಹೇಗೆ ಎತ್ತಿದೆ? ಇನ್ನೊಂದು ತುದಿ ಯಾರು ಹಿಡಿದರು?"

"ನಿನ್ನ ಅತ್ತಿಗೆ" ಎಂದ.